ಮಂಚದ ಜೊತೆ ಬಂದ ತಿಗಣೆ

ಹಳೆಯ ಹಾರ್ಡ್ ಡಿಸ್ಕ್ ಕಟಕಟ ಎನ್ನತೊಡಗಿದಾಗ ಹೋಮ್ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಸೆಲೆಕ್ಟ್ ಮಾಡಿ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಫೋಟೊ, ಲೇಖನ, ಬ್ಯಾಂಕಿನ ಕಾಗದಪತ್ರ ಎಲ್ಲ ಬಂದವು. ಹೊಸ ಡಿಸ್ಕಿಗೆ ಲಿನಕ್ಸ್ ಹಾಕಿ ಬರೆಯಲು ಕೂತರೆ ಕೀಬೋರ್ಡಿಗೆ ಇಂಗ್ಲಿಷ್ ಬಿಟ್ಟು ಬೇರೆ ಗೊತ್ತಿಲ್ಲ. ಕೆ.ಪಿ. ರಾವ್ ಅವರ ಕನ್ನಡ ಕೀಲಿ ವಿನ್ಯಾಸ, ಭಾಷೆ ಬದಲಿಸುವ ಕೀಲಿ, ಅಕ್ಷರದ ಗಾತ್ರ ಯಾವುದೂ ಇಲ್ಲ. ಅವೆಲ್ಲ ಇದ್ದದ್ದು ಚುಕ್ಕಿಯಿಂದ ಶುರುವಾಗುವ ಹೆಸರಿನ ಫೋಲ್ಡರುಗಳಲ್ಲಿ. ಕಂಟ್ರೋಲ್ ಎಚ್ ಒತ್ತದೆ ಅವು ಕಾಣುವುದೇ ಇಲ್ಲ.

ಈ ಪರದೆ ಯಾರೂ ಯೋಚಿಸಿ ಹಾಕಿದ್ದಲ್ಲವಂತೆ. ಯುನಿಕ್ಸಿನ ಪ್ರತಿ ಫೋಲ್ಡರಿನಲ್ಲೂ ಇರುವ ಒಂದು ಚುಕ್ಕಿ, ಎರಡು ಚುಕ್ಕಿಯ ನಮೂದುಗಳು ಪಟ್ಟಿಯಲ್ಲಿ ಬರದಿರಲೆಂದು ಮೊದಲ ಅಕ್ಷರವನ್ನಷ್ಟೇ ನೋಡುವ ಅಡ್ಡದಾರಿ ಹಿಡಿದರು, ಅದರಿಂದ ಚುಕ್ಕಿಯ ಹೆಸರಿನದೆಲ್ಲ ಮರೆಯಾಯಿತು ಎಂದು ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಬರೆದಿದ್ದಾರೆ.

ಹಾಗಾದರೆ ಚುಕ್ಕಿಯದನ್ನೂ ಸೇರಿಸಿ ಇಡಿಯಾಗಿ ಕಾಪಿ ಮಾಡಿದರಾಯಿತಲ್ಲ? ಹೆಚ್ಚಿನವರ ಸಲಹೆ ಇದೇ. ಡಿಸ್ಕ್ ಸತ್ತ ದಿನ ಅದೇ ಸರಿ, ಚರ್ಚೆಗೆ ಹೊತ್ತಲ್ಲ. ಆದರೆ ಅದನ್ನೇ ಹೊಸ ಕಂಪ್ಯೂಟರಿನ ಮೇಲೆ ಸುರಿದರೆ ಮಂಚದ ಜೊತೆ ತಿಗಣೆಯೂ ಬರುತ್ತದೆ. ಈಗಿಲ್ಲದ ಮಾನಿಟರಿನ ಅಳತೆ, ಎಂದೋ ಕಿತ್ತುಹಾಕಿದ ಎಕ್ಸ್‌ಟೆನ್ಷನ್ನಿನ ಕುರುಹು, ಮತ್ತೆ ಹುಟ್ಟುವ ಕ್ಯಾಶ್. ನಮ್ಮ ಆಯ್ಕೆ ಯಾವುದು, ಯಂತ್ರದ ಕಸ ಯಾವುದು ಎಂಬ ವಿವೇಚನೆ ಕಾಪಿಗಿಲ್ಲ. ಲಿನಕ್ಸ್ ಡೆಸ್ಕ್‌ಟಾಪುಗಳಿಗೆಂದು 2003ರಲ್ಲಿ ಬಂದ ಎಕ್ಸ್‌ಡಿಜಿ ನಿಯಮ ಸೆಟ್ಟಿಂಗು, ದತ್ತಾಂಶ, ಕ್ಯಾಶ್ ಮೂರನ್ನೂ ಬೇರೆ ಬೇರೆ ಫೋಲ್ಡರಿಗೆ ಹಾಕಲು ಹೇಳಿತು. ಸೆಟ್ಟಿಂಗಿನ ಫೋಲ್ಡರೊಳಗೇ ಕಸ ತುಂಬುವ ತಂತ್ರಾಂಶಗಳು ಈಗಲೂ ಉಂಟು.

ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ತಂತ್ರಾಂಶ ಇದೆಯಲ್ಲ ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು: ನಾವಾಗಿ ಹೇಳದ ಹೊರತು ಅದು ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ.

ನನ್ನ ಪಕ್ಷ ಇಷ್ಟು: ಓದಲು ಬರುವಂತಿದ್ದರೆ ಮಾತ್ರ ಸೆಟ್ಟಿಂಗಿನ ಬ್ಯಾಕಪ್ ನಮ್ಮದು. ಕೆಡಿಇ ಡೆಸ್ಕ್‌ಟಾಪಿನಲ್ಲಿ ಇದು ಸುಲಭ, ಹೆಚ್ಚಿನವು ಸಾದಾ ಪಠ್ಯದ ಫೈಲುಗಳೇ. ನಾನು ಬಳಸುವ ಗ್ನೋಮ್ ಮಾತ್ರ ಹೆಚ್ಚಿನವನ್ನು ಡಿಕಾನ್ಫ್ ಎಂಬ ಒಂದೇ ಬೈನರಿ ಫೈಲಿನಲ್ಲಿ ಗಂಟು ಕಟ್ಟುತ್ತದೆ. ತೆರೆದು ನೋಡಿದರೆ ಕಲಬೆರಕೆ ಅಕ್ಷರ. ಅದೃಷ್ಟಕ್ಕೆ ಗಂಟು ಬಿಚ್ಚಲು ‘ಡಂಪ್’, ಮರಳಿ ತುಂಬಲು ‘ಲೋಡ್’ ಎಂಬ ಆಜ್ಞೆಗಳಿವೆ. ಸೆಟ್ಟಿಂಗುಗಳನ್ನು ಕೈಯಾರೆ ಮತ್ತೆ ಹಾಕಿಕೊಂಡ ಮೇಲೆ ಡಂಪ್ ಮಾಡಿದ ಪಠ್ಯದಲ್ಲಿ ನನ್ನ ಕೀಬೋರ್ಡಿನ ಸಾಲು ಸಿಕ್ಕಿತು: ಮೊದಲು ಅಮೆರಿಕನ್ ಇಂಗ್ಲಿಷ್, ಆಮೇಲೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಕನ್ನಡ, ಕೊನೆಗೆ ‘ಕೆಜಿಪಿ’, ಅಂದರೆ ಅದೇ ಕೆ.ಪಿ. ರಾವ್ ವಿನ್ಯಾಸ. ಕ್ಯಾಪ್ಸ್ ಲಾಕ್ ಕೊಂದ ಸಾಲೂ ಇತ್ತು. ದೊಡ್ಡಕ್ಷರದ ಕೀಲಿಯಲ್ಲಿ ಮಹಾಪ್ರಾಣ ಬರುವ ವಿನ್ಯಾಸದಲ್ಲಿ ಅದು ಕಿರುಬೆರಳಿಗೆ ತಗಲಿದರೆ ‘ಕ’ ‘ಖ’ ಆಗುತ್ತದೆ. ವಿಂಡೋ ಎಷ್ಟು ಅಗಲವಿತ್ತು ಎಂಬಂಥ ಸಾಲುಗಳನ್ನೆಲ್ಲ ಅಳಿಸಿದೆ. ಉಳಿದವುಗಳ ಮೇಲೆ ಹ್ಯಾಷ್ ಗುರುತು ಹಾಕಿ ಕಾರಣ ಬರೆದಿಟ್ಟೆ.

ಇದಕ್ಕೆ ಅರ್ಧ ಭಾನುವಾರ ಹಿಡಿಯಿತು. ಸೋಮಾರಿಗಳಿಗೆ ಹೇಳಿ ಮಾಡಿಸಿದ್ದಲ್ಲ, ಒಪ್ಪುತ್ತೇನೆ. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸಿ ಲೋಡ್ ಮಾಡಿ ನೋಡಿದೆ. ಕನ್ನಡ ಮೂಡಿತು, ಆದರೆ ನನ್ನ ಅಕ್ಷರಶೈಲಿಯಲ್ಲಲ್ಲ. ಪಠ್ಯದಲ್ಲಿದ್ದದ್ದು ಫಾಂಟಿನ ಹೆಸರು. ಫಾಂಟು ನನ್ನ ಹಳೆಯ ಖಾತೆಯ ಇನ್ನೊಂದು ಚುಕ್ಕಿ ಫೋಲ್ಡರಿನಲ್ಲಿ ಕೂತಿತ್ತು.