“ನಿಮಗ ಗೊತ್ತಾಗಂಗಿಲ್ಲ ಬಿಡ್ರಿ ಮೇಡಮ್”

ನಮ್ಮ ಮನ್ಯಾಗ ಒಂದು ಎಲೆಕ್ಟ್ರಿಕ್ ಗಾಡಿ ಅದ. ಮೋಟರ್ 250 ವ್ಯಾಟ್, ತಾಸಿಗೆ 25 ಕಿಲೋಮೀಟರ್ ಮ್ಯಾಲೆ ಓಡಂಗಿಲ್ಲ. ಹಿಂಗಾಗಿ ಅದಕ್ಕ ನಂಬರ್ ಪ್ಲೇಟೂ ಬ್ಯಾಡ, ಓಡಸೋರಿಗೆ ಲೈಸೆನ್ಸೂ ಬ್ಯಾಡ. “ಕೇಶ್ವಾಪುರದ ಎಮ್ಮಿ ಸೈತ ಇದನ್ನ ಓವರ್‌ಟೇಕ್ ಮಾಡ್ತಾವ” ಅಂತ ನಾ ಮೂರು ವರ್ಷದಿಂದ ಚಾಷ್ಟಿ ಮಾಡ್ಕೋತ ಬಂದೇನಿ.

ಆದ್ರ ನಮ್ಮಕಿಗೆ ಅದು ಗಾಡಿ ಅಲ್ಲ, ಕಾಲು. ಲಗ್ನ ಆಗಿ ಹದಿನೆಂಟು ವರ್ಷ “ರೀ, ಸ್ವಲ್ಪ ಬಿಟ್ಟು ಬರ್ತೀರೇನು?” ಅಂತ ನನ್ನ ಮಾರಿ ನೋಡಿದಾಕಿ, ಆ ಗಾಡಿ ಬಂದ ದಿವಸದಿಂದ ಕೇಳೋದ ಬಿಟ್ಲು. ನಮ್ಮ ಅತ್ತಿ ಹಳೇ ಹುಬ್ಬಳ್ಳಿಯೊಳಗ ಒಬ್ಬರ ಇರ್ತಾರ. ಅವರಿಗೆ ಸಕ್ಕರಿ ಕಾಯಿಲೆ, ಕಣ್ಣು ಕಾಣಂಗಿಲ್ಲ, ಸಿರಿಂಜಿನ ಗೀಟು ಎಣಸಲಿಕ್ಕೆ ಆಗಂಗಿಲ್ಲ. ದಿನಾ ಸಂಜೀಕೆ ಇಕಿ ಹೋಗಿ ಇನ್ಸುಲಿನ್ ಮಾಡಿ, ಊಟಕ್ಕ ಬಡಿಸಿ ಬರ್ತಾಳ.

ಆಷಾಢದ ಮಳಿ ಹಚ್ಚಿ ಹೊಡಿಲಿಕತ್ತಿತ್ತು. ಒಂದು ಸೋಮವಾರ ಸಂಜೀಕೆ ಕೀಲಿ ತಿರುವಿದ್ಲು, ಗಾಡಿ ಉಸಿರ ಬಿಡ್ಲಿಲ್ಲ. ಮೀಟರ್ ಇಲ್ಲ, ಲೈಟ್ ಇಲ್ಲ, ಹಾರ್ನ್ ಸೈತ ಕುಂಯ್ ಅನ್ನಲಿಲ್ಲ. ನಾ ಗಂಡಸು ನೋಡ್ರಿ, ನನ್ನ ಪಾಲಿನ ರಿಪೇರಿ ನಾ ಮಾಡಿದೆ: ಕೀಲಿ ಇಪ್ಪತ್ತು ಸಲ ತಿರುವಿದೆ, ಟೈರಿಗೆ ಒಂದು ಒದ್ದೆ, ಸೀಟ್ ಎತ್ತಿ ಒಳಗ ನೋಡಿ “ಹೂಂ” ಅಂದು ಮತ್ತ ಮುಚ್ಚಿದೆ. ಮರುದಿನ ಟಂಟಂ ಒಳಗ ಹಾಕ್ಕೊಂಡು ಶೋರೂಮಿಗೆ ಒಯ್ದ್ವಿ.

ಅಲ್ಲೆ ಒಬ್ಬ ಹುಡುಗ ಬಂದಾ. ಅವನೂ ಕೀಲಿ ಎರಡು ಸಲ ತಿರುವಿದಾ. ಮೀಟರ್ ಹಿಡದು ನೋಡ್ಲಿಲ್ಲ, ಒಂದು ಸ್ಕ್ರೂ ಬಿಚ್ಚಲಿಲ್ಲ. “ಬ್ಯಾಟರಿ ಹೋತ್ರಿ ಸರ್. ವಾರಂಟಿ ಎರಡು ತಿಂಗಳ ಹಿಂದ ಮುಗದದ. 32 ಸಾವಿರ ಆಗ್ತದ” ಅಂದಾ.

ಆವಾಗ ನಮ್ಮಕಿ ಬಾಯಿ ತಗದ್ಲು. ಇಕಿಗೆ ಒಂದು ಚಾಳಿ ಅದ. ಹಾಲು, ಗ್ಯಾಸ್ ಬರಿಯೋ ಕ್ಯಾಲೆಂಡರಿನ ಮ್ಯಾಲೆ ಗಾಡಿ ಚಾರ್ಜಿಗೆ ಹಚ್ಚಿದ ತಾರೀಖು, ಎಷ್ಟು ಕಿಲೋಮೀಟರ್ ಓಡ್ತು ಅನ್ನೋದನ್ನೂ ಬರೀತಾಳ. “ಅಲ್ಲಪಾ ತಮ್ಮಾ, ಹೋದ ವಾರದ ತನಕ ಒಂದು ಚಾರ್ಜಿಗೆ ಐವತ್ತು ಕಿಲೋಮೀಟರ್ ಓಡ್ಯದ, ಹೊಸಾದಿದ್ದಾಗ ಐವತ್ತೈದು ಓಡ್ತಿತ್ತು. ಮೊನ್ನೆ ರಾತ್ರಿ ಚಾರ್ಜರಿನ ಲೈಟ್ ಕೆಂಪ ಆಗಿ ಮುಂಜಾನೆ ಹಸರ ಆಗ್ಯದ. ಬ್ಯಾಟರಿ ಮುಪ್ಪಾಗಿ ಸಾಯೋದಿದ್ರ ಮೊದಲ ನಲವತ್ತು, ಆಮ್ಯಾಲೆ ಮೂವತ್ತು ಅಂತ ಇಳಕೋತ ಬರಬೇಕಲ್ಲ?”

ಹುಡುಗ ಆಕಿ ಕಡೆ ನೋಡ್ಲೇ ಇಲ್ಲ. ನನ್ನ ಕಡೆ ನೋಡಿ ನಕ್ಕು ಅಂದಾ: “ಇದೆಲ್ಲಾ ನಿಮಗ ಗೊತ್ತಾಗಂಗಿಲ್ಲ ಬಿಡ್ರಿ ಮೇಡಮ್.”

ನಾ ಏನಂದೆ ಅನ್ನೋದು ಹೇಳ್ಬೇಕಲ್ಲ. “ನೀ ಸುಮ್ಮನಿರಲೇ, ಅವರಿಗೆ ಗೊತ್ತಿರ್ತದ” ಅಂದೆ.

ಹನ್ನೊಂದು ದಿವಸ ಗಾಡಿ ಹಿತ್ತಲದಾಗ ನಿಂತ್ತು. ಇಕಿ ಒಮ್ಮೆ ಆಟೋದಾಗ ಹೋದ್ಲು, ಒಮ್ಮೆ ನನ್ನ ಹಾದಿ ಕಾದ್ಲು. ಎರಡು ದಿವಸ ನಾ ಆಫೀಸಿನಿಂದ ತಡಾ ಮಾಡಿದೆ. ಅತ್ತಿ ಇನ್ಸುಲಿನ್ ಇಲ್ಲದ ಉಣ್ಣಬಾರದು ಅಂತ ರಾತ್ರಿ ಹತ್ತರ ತನಕ ಉಪವಾಸ ಕೂತಿದ್ರು. 32 ಸಾವಿರದ ಲೆಕ್ಕ ಹಾಕೋರ ತಲ್ಯಾಗ ಈ ಹತ್ತು ಗಂಟೆ ಬರಂಗಿಲ್ಲ.

ಕಡೀಕ ಗಾಡಿ ನೋಡಿದಾವರು ಮೋಟರ್ ವೈಂಡಿಂಗ್ ಮಾಡೋ ಒಬ್ಬರು ಕಾಕಾ. ಎಲೆಕ್ಟ್ರಿಕ್ ಗಾಡಿ ಟ್ರೇನಿಂಗ್ ಆದವರಲ್ಲ. ಆದ್ರ ಅವರು ಮೊದಲ ಕೆಲಸಾ ಅಂದ್ರ ನಮ್ಮಕಿಗೆ “ಏನಾತವಾ, ಹೇಳು” ಅಂತ ಕೇಳಿದ್ರು. ಆಕಿ ಹೇಳಿದ್ದು ಪೂರಾ ಕೇಳಿ ಆಮ್ಯಾಲೆ ಮಲ್ಟಿಮೀಟರ್ ತಗದ್ರು. ನಮ್ಮದು 48 ವೋಲ್ಟಿನ ಲಿಥಿಯಂ ಬ್ಯಾಟರಿ, 13 ಸೆಲ್ ಸಾಲಾಗಿ ಜೋಡಿಸಿದ್ದು, ತುಂಬಿದಾಗ 54.6 ವೋಲ್ಟ್ ತೋರಸ್ತದ. ಬ್ಯಾಟರಿಯ ಬಾಯಾಗ 53 ಇತ್ತು. ಸೀಟಿನ ಕೆಳಗಿನ ಎಂಸಿಬಿ ದಾಟಿದ ಮ್ಯಾಲೆ 53. ಫ್ಯೂಜ್ ದಾಟಿದ ಮ್ಯಾಲೆ 53. ಕೀಲಿಗೆ ಹೋಗೋ ವೈರಿನ್ಯಾಗ 53. ಕೀಲಿ ತಿರುವಿ ಆ ಕಡೆಯ ವೈರ್ ನೋಡಿದ್ರ ಸೊನ್ನಿ.

“ಕೀಲಿಯೊಳಗ ಮಳಿನೀರು ಹೊಕ್ಕು ಹಸರ ಜಂಗು ಹಿಡದದ, ಮತ್ತೇನಿಲ್ಲ” ಅಂದ್ರು ಕಾಕಾ. ಹೊಸಾ ಕೀಲಿ ಸ್ವಿಚ್ಚಿಗೆ 180 ರೂಪಾಯಿ, ಅವರ ಮಜೂರಿ 100. ಗಾಡಿ ಎದ್ದು ನಿಂತ್ತು. ಆ ಬ್ಯಾಟರಿ ಇವತ್ತಿಗೂ ಓಡ್ತದ.

ಈಗ ನಾ ಜಗಳಾ ತಗಿಯೋವಾ.

ಹುಡುಗ ತಪ್ಪು ತಿಳಕೊಂಡಾ ಅನ್ನೋದಕ್ಕ ನನ್ನ ಸಿಟ್ಟಿಲ್ಲ, ತಪ್ಪು ಡಾಕ್ಟರೂ ಮಾಡ್ತಾರ. ನೋಡದನ ಹೇಳಿದಾ ಅಂತ ಸಿಟ್ಟು. ಇಡೀ ಗಾಡಿಯೊಳಗ ಎಲ್ಲಾದಕಿಂತಾ ತುಟ್ಟಿ ಸಾಮಾನು ಯಾವುದೋ ಅದನ್ನ ಮೊದಲ ಹೇಳಿದಾ. ನೆಗಡಿ ಬಂದವಗ ನಾಡಿ ಹಿಡೀಲಾರದ ಹಾರ್ಟ್ ಆಪರೇಶನ್ ಬರದಂಗ. ಮತ್ತ ಆ ಚೀಟಿ ಬರೀಲಿಕ್ಕೆ ಅವಗ ಧೈರ್ಯ ಹೆಂಗ ಬಂತು? ನಮಗೇನೂ ಗೊತ್ತಾಗಂಗಿಲ್ಲ ಅನ್ನೋ ಖಾತ್ರಿಯಿಂದ ಬಂತು.

ನಮ್ಮಪ್ಪನ ಕಾಲದಾಗ ಹಿಂಗಿದ್ದಿಲ್ಲ. ಅವರ ಬಜಾಜ್ ಚೇತಕ್ ಚಾಲೂ ಆಗ್ಲಿಲ್ಲ ಅಂದ್ರ ಓಣಿಯ ಮಂದಿ ಎಲ್ಲಾ ಡಾಕ್ಟರ. ಒಬ್ಬರು “ವಾರಿ ಮಾಡ್ರಿ” ಅಂತಿದ್ರು, ಒಬ್ಬರು ಪ್ಲಗ್ ಬಿಚ್ಚಿ ಪಾಲಿಶ್ ಕಾಗದಲೆ ತಿಕ್ಕತಿದ್ರು. ಪೆಟ್ರೋಲ್ ಅದನೋ ಇಲ್ಲೋ, ಕಾರ್ಬೊರೇಟರಿಗೆ ಬಂತೋ ಇಲ್ಲೋ, ಕಿಡಿ ಬೀಳ್ತದನೋ ಇಲ್ಲೋ ಅನ್ನೋ ಮೂರ ಪ್ರಶ್ನೆದಾಗ ಅರ್ಧಾ ರೋಗ ಸಿಗ್ತಿತ್ತು. ಎಲೆಕ್ಟ್ರಿಕ್ ಗಾಡಿಗೂ ಮೂರ ಪ್ರಶ್ನೆ ಸಾಕು. ಕರೆಂಟ್ ಅದನೋ? ದಾಟಿ ಬರ್ತದನೋ? ಯಾರರ ತಡದು ನಿಲ್ಲಸ್ಯಾರೋ? ಇದಕ್ಕ ಇಂಜಿನಿಯರಿಂಗ್ ಓದಬೇಕಾಗಿಲ್ಲ.

ನಮ್ಮಕಿ ಹೇಳಿಕೊಟ್ಟಿದ್ದನ್ನ ನಾ ಇಲ್ಲೆ ಬರೀತೇನಿ, ನೀವು ನಿಮ್ಮನಿಯೊಳಗ ಹೇಳ್ರಿ. ಮೀಟರ್ ಬೆಳಗಿ ಗಾಲಿ ತಿರಗಲಿಲ್ಲ ಅಂದ್ರ ಬ್ಯಾಟರಿ ಕಡೆ ಓಡಬ್ಯಾಡ್ರಿ. ಸೈಡ್ ಸ್ಟ್ಯಾಂಡ್ ಇಳದದನೋ, ಬ್ರೇಕಿನ ಸ್ವಿಚ್ ಒಳಗ ಸಿಕ್ಕೊಂಡದನೋ ನೋಡ್ರಿ. ಅವು ಮೋಟರ್ ತಡೀಲಿಕ್ಕೇ ಇರೋವು. ಮೀಟರ್, ಲೈಟ್, ಹಾರ್ನ್ ಎಲ್ಲಾ ಸತ್ತಾವ ಅಂದ್ರ ಮೊದಲ ಸೀಟ್ ಎತ್ತಿ ಎಂಸಿಬಿ ಬಿದ್ದದನೋ ನೋಡ್ರಿ. ಒಂದು ಸಲ ಏರಸ್ರಿ. ಮತ್ತ ಬಿತ್ತಂದ್ರ ಕೈ ತಗೀರಿ, ಎಲ್ಲೋ ಶಾರ್ಟ್ ಆಗ್ಯದ ಅಂತ ಅರ್ಥ. ಬ್ಯಾಟರಿ ತಗದು ಹಾಕೋದಿದ್ರ ಅದರ ಕನೆಕ್ಟರ್ ಪೂರಾ ಕೂತದನೋ, ಪಿನ್ನು ಸುಟ್ಟು ಕರ್ರಗಾಗ್ಯಾವೋ ನೋಡ್ರಿ. ಆಮ್ಯಾಲೆ ಚಾರ್ಜರ್ ಹಚ್ಚರಿ. ಖಾಲಿ ಬ್ಯಾಟರಿಗೆ ಹಚ್ಚಿದ ಕೂಡ್ಲೆ ಲೈಟ್ ಹಸರನ ಉಳೀತು ಅಂದ್ರ ಚಾರ್ಜರಿಗೆ ಬ್ಯಾಟರಿ ಕಾಣವಲ್ದು, ನಡುವ ಎಲ್ಲೋ ಕಡದದ, ಇಲ್ಲಾ ಬ್ಯಾಟರಿಯೊಳಗಿನ ಬಿಎಂಎಸ್ ಕಾವಲಿಗೆ ಕೂತು ಬಾಗಲಾ ಹಾಕ್ಯದ. ಕೆಂಪ ಆಗಿ ತಾಸುಗಟ್ಟಲೆ ತಗೊಂಡು ಹಸರ ಆತಂದ್ರ ಬ್ಯಾಟರಿ ಕೆಟ್ಟದ ಅನ್ನೋ ಮೊದಲ ಉಳದಿದ್ದನ್ನ ನೋಡಬೇಕು.

ಮುಂದಿಂದು ಮನ್ಯಾಗ ಮಾಡಬ್ಯಾಡ್ರಿ. ಬ್ಯಾಟರಿ ಪ್ಯಾಕ್ ಬಿಚ್ಚಬ್ಯಾಡ್ರಿ, ಫ್ಯೂಜಿನ ಜಾಗಾದಾಗ ತಂತಿ ಕಟ್ಟಬ್ಯಾಡ್ರಿ. ಬ್ಯಾಟರಿ ಉಬ್ಬಿದ್ರ, ಬಿಸಿ ಆಗಿದ್ರ, ಸುಟ್ಟ ವಾಸನಿ ಬಂದ್ರ ದೂರ ಸರೀರಿ. ಲಿಥಿಯಂಗೆ ಬೆಂಕಿ ಹತ್ತಿದ್ರ ಆರಸೋದು ಹಗರಣಲ್ಲ.

ಕಂಪನಿಯವರು ಇದನ್ನ ಮುಂದ ಮಾಡ್ತಾರ. “ಸುರಕ್ಷತೆ ಸರ್, ಬ್ಯಾರೆಯವರು ಮುಟ್ಟಬಾರದು. ಮುಟ್ಟಿದ್ರ ವಾರಂಟಿ ಹೋಗ್ತದ.” ಬ್ಯಾಟರಿ ಪ್ಯಾಕಿನ ವಿಷಯದಾಗ ಈ ಮಾತು ಖರೇ ಅದ, ನಾ ಒಪ್ತೇನಿ. ಆದ್ರ ಕೀಲಿ ಸ್ವಿಚ್ ಬಾಂಬ್ ಏನ್ರಿ? ಎಂಸಿಬಿ ಎಲ್ಲೆ ಅದ ಅನ್ನೋದು ಗುಟ್ಟೇನ್ರಿ? ನಮಗ ಕೊಟ್ಟ ಪುಸ್ತಕದಾಗ ಹೆಲ್ಮೆಟ್ ಹಾಕ್ಕೊಂಡ ಹುಡುಗಿ ಚಿತ್ರ ನಾಕು ಅವ, ವೈರಿಂಗ್ ಚಿತ್ರ ಒಂದಿಲ್ಲ. ಬ್ಯಾಟರಿಯ ಹೆದರಿಕಿ ತೋರಿಸಿ ಗಾಡಿ ತುಂಬ ಕೀಲಿ ಹಾಕೋದಕ್ಕ ನಾ ಸುರಕ್ಷತೆ ಅನ್ನಂಗಿಲ್ಲ.

ಸರ್ಕಾರ ಈ ಮಾತು ಕೇಳಿಲ್ಲ ಅಂತಲ್ಲ. 2022ರ ಜುಲೈದಾಗ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಸಲುವಾಗಿ ಒಂದು ಸಮಿತಿ ಮಾಡ್ತು. ಅದ ವರ್ಷ ಡಿಸೆಂಬರ್ 24ಕ್ಕ, ಗ್ರಾಹಕರ ದಿನದ ದಿವಸ, ಒಂದು ಪೋರ್ಟಲ್ ತಗದ್ರು. ಒಕ್ಕಲುತನದ ಯಂತ್ರ, ಮೊಬೈಲ್, ಮನಿ ಸಾಮಾನು, ವಾಹನ ಅಂತ ನಾಕು ಬಾಬ್ತು ಅದರಾಗ ಅವ. ಛಲೋ ಆತು. ಆದ್ರ ಪೋರ್ಟಲ್ ದಿಲ್ಲಿಯಿಂದ ಬರ್ತದ, “ಗೊತ್ತಾಗಂಗಿಲ್ಲ” ಅನ್ನೋ ಮಾತು ಕೌಂಟರಿನಾಗ ಬರ್ತದ. ಕೌಂಟರಿನಾಗ ನಾವು ಕೇಳಬೇಕು.

ಏನು ಕೇಳಬೇಕು? ಎರಡ ಮಾತು. ಬ್ಯಾಟರಿ ಹೋಗ್ಯದ ಅಂತೀರಿ, ಹಂಗಾರ ಎಷ್ಟು ವೋಲ್ಟ್ ಬಂತು, ಲೋಡ್ ಕೊಟ್ಟಾಗ ಎಷ್ಟಕ್ಕ ಇಳೀತು, ಕಾಗದದ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ. ಹಳೇ ಸಾಮಾನು ನಮ್ಮ ಕೈಗೆ ಕೊಡ್ರಿ, ಇಲ್ಲಾ ಅದರ ಬೆಲಿ ಬಿಲ್ಲಿನ್ಯಾಗ ಕಡಿಮಿ ಮಾಡ್ರಿ. ಖರೇ ಪರೀಕ್ಷಾ ಮಾಡಿದವರಿಗೆ ಇದು ಐದು ನಿಮಿಷದ ಕೆಲಸ. ಮಾಡಲಾರದವರ ಅಷ್ಟ ಸಿಟ್ಟಾಗ್ತಾರ.

ಮತ್ತ ನನ್ನಂಥಾ ಗಂಡಂದ್ರಿಗೆ ಒಂದು ಮಾತು. ದಿನಾ ಗಾಡಿ ಓಡಸೋರು ಯಾರೋ ಅದರ ಸಪ್ಪಳ, ಅದರ ಸುಸ್ತು ಅವರಿಗೆ ಗೊತ್ತಿರ್ತದ. ಆ ಹುಡುಗ ಆಕಿ ಮಾತು ಕೇಳಲಿಲ್ಲ ಅಂತ ಇಷ್ಟ ಹೊತ್ತು ಬೈದೆ. ಅವಾ ಪರಊರಾಂವ, ಆಕಿನ್ನ ಅವತ್ತ ನೋಡಿದವಾ. ನಾ ಹದಿನೆಂಟು ವರ್ಷ ಆ ಕ್ಯಾಲೆಂಡರ್ ನೋಡಿದವಾ. 32 ಸಾವಿರ ಕೊಡಲಿಕ್ಕೆ ಬ್ಯಾಂಕಿಗೆ ಹೊಂಟಿದ್ದೆ, ಆಕಿ ಮಾತು ಕೇಳಲಿಕ್ಕೆ ತಯಾರ ಇದ್ದಿದ್ದಿಲ್ಲ.

ಮೊನ್ನೆ ಮುಂಜಾನೆ ನನ್ನ ಪೆಟ್ರೋಲ್ ಗಾಡಿ ಚಾಲೂ ಆಗಲಿಲ್ಲ. ಹತ್ತು ನಿಮಿಷ ಕಿಕ್ ಹೊಡದು ಬೆವತು ನಿಂತಿದ್ದೆ. ನಮ್ಮಕಿ ಒಳಗಿಂದ ಬಂದು “ರೀ, ಪೆಟ್ರೋಲ್ ಅದನೋ ಇಲ್ಲೋ ನೋಡೀರೇನು?” ಅಂದ್ಲು. “ನಿನಗ ಗೊತ್ತಾ...” ತನಕ ಬಾಯಿಗೆ ಬಂತು, ನುಂಗಿದೆ. ಟಾಕಿ ಮುಚ್ಚಳಾ ತಗದು ನೋಡಿದೆ.

ಒಣಾ ಇತ್ತು.