ಆಯಿ ಸೀರೆಗೆ ಕತ್ತರಿ ಹಾಕಬಹುದಾ?

ಎಥ್ನಿಕ್ ಡೇ ಬಂತಂದ್ರೆ ಹಾಸ್ಟೆಲ್‌ನಲ್ಲಿ ಇದೊಂದು ಜಗಳ ಇದ್ದದ್ದೇ. ಇಳಕಲ್ ಸೀರೆಯಲ್ಲಿ ಕುರ್ತಾ ಹೊಲಿಸಿಕೊಂಡವರನ್ನ ನೋಡಿ ಯಾರಾದ್ರೂ ಒಬ್ಬರು ಅಂದೇ ಅಂತಾರೆ: "ಪರಂಪರೆಗೇ ಕತ್ತರಿ ಹಾಕಿದ್ರಲ್ಲಾ!" ಈ ವರ್ಷ ಕತ್ತರಿ ಹಾಕಿದವರು ನಾವು, ಒಂದೇ ರೂಮಿನ ಮೂವರು. ಹಾಗಾಗಿ ನಮ್ಮ ಮಾತನ್ನೂ ಸ್ವಲ್ಪ ಕೇಳಿ.

ಪಂಚಮಿ ರಜೆಗೆ ಬಬಲೇಶ್ವರ ತಾಲೂಕಿನ ಕಾಖಂಡಕಿಗೆ ಹೋಗಿದ್ವಿ. ನಮ್ಮಲ್ಲೊಬ್ಬಳ ಊರು. ಮಹಿಪತಿದಾಸರ ಊರು, ಕಾರ ಹುಣ್ಣಿಮೆ ಕರಿಗೆ ಹೆಸರಾದ ಊರು. ಪಂಚಮಿಗೆ ಮಾತ್ರ ಹೆಣ್ಣುಮಕ್ಕಳದ್ದೇ ಆಟ: ಜೋಕಾಲಿ, ಉಂಡಿ, ಹೊಸ ಬಟ್ಟೆ. ನಮ್ಮ ಹತ್ರ ಇದ್ದದ್ದು ಆನ್‌ಲೈನ್‌ನಲ್ಲಿ ತರಿಸಿದ 'ಇಳಕಲ್ ಕುರ್ತಾ'. ಆಯಿ ಅದನ್ನ ತಿರುವಿ ನೋಡಿದರು. ಒಳಮಗ್ಗಲು ಬರೀ ಬಿಳುಪು. ಗೀರು ನೇಯ್ದದ್ದಲ್ಲ, ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹೊಡೆದದ್ದು. ನಮಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ.

ಆಯಿ ಏನೂ ಅನ್ನಲಿಲ್ಲ. ಟ್ರಂಕಿನಿಂದ ತಮ್ಮದೊಂದು ಗೀರಿನ ಸೀರೆ ತೆಗೆದರು. "ಉಟ್ಟು ಉಟ್ಟು ಮಡಿಕಿ ಹರದೈತಿ. ಕೌದಿಗೆ ಹಾಕಾಕ ಇಟ್ಟಿದ್ದೆ. ನಿಮಗೇನರ ಆಗ್ತೈತೇನು ನೋಡ್ರವಾ."

ಕೌದಿ! ನಮ್ಮ ಕಡೆ ಹಳೇ ಸೀರೆಗೆ ಯಾವಾಗಲೂ ಕತ್ತರಿ ಬಿದ್ದೇ ಇದೆ. ತುಂಡು ಮಾಡಿ, ಪದರ ಪದರ ಇಟ್ಟು ಹೊಲಿದು, ಅದರಲ್ಲೇ ನಮ್ಮನ್ನೆಲ್ಲ ಹೊದಿಸಿ ಮಲಗಿಸಿದ್ದಾರೆ. ಪರಂಪರೆ ಹಾಳಾಯ್ತು ಅಂತ ಯಾರೂ ಅಳಲಿಲ್ಲ. ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ಕೊಳೆಯೋ ಸೀರೆಗಿಂತ ಮೈಮೇಲೆ ಬಂದ ಕುರ್ತಾ ವಾಸಿ ಅಂತ ನಮ್ಮ ಅಭಿಪ್ರಾಯ.

ಆದ್ರೆ ಕತ್ತರಿಸೋದು ಸುಲಭ ಅಂದ್ಕೊಂಡ್ರೆ ಕೆಟ್ಟಿರಿ. ಸೀರೆಯ ಗೀರು ಉದ್ದಕ್ಕೆ ಓಡುತ್ತೆ. ಬಟ್ಟೆಯನ್ನ ಉದ್ದಕ್ಕೇ ಇಟ್ಟು ಕತ್ತರಿಸಿದ್ರೆ ಕುರ್ತಾದಲ್ಲಿ ಗೀರು ಮೇಲಿಂದ ಕೆಳಗೆ ಇಳಿಯುತ್ತೆ, ತಲೆನೋವು ಕಡಿಮೆ. ನಮಗೆ ಕೆಳಗೆ ಸುತ್ತಲೂ ದಡಿ ಬೇಕಿತ್ತು. ದಡಿ ಕೆಳಗೆ ಬರಬೇಕಂದ್ರೆ ಬಟ್ಟೆ ಅಡ್ಡ ತಿರುಗಿಸಬೇಕು. ಆಗ ಗೀರೂ ಅಡ್ಡ ಆಗಿ ಹೊಟ್ಟೆ ಸುತ್ತ ಬರುತ್ತೆ. ಮುಂದಿನ ತುಂಡಿನ ಗೀರು ಹಿಂದಿನದಕ್ಕೆ ಬಗಲಲ್ಲಿ ಕೂಡಬೇಕು. ನಾವು ಇಂಜಿನಿಯರ್‌ಗಳು, ಅಳತೆ ಬರೆದ್ವಿ, ಗೀರು ನೋಡಲಿಲ್ಲ. ಮೊದಲನೇ ಕುರ್ತಾದಲ್ಲಿ ಮುಂದಿಗೂ ಹಿಂದಿಗೂ ಅರ್ಧ ಇಂಚು ವ್ಯತ್ಯಾಸ!

ಕಾಕೂ ಬಿಚ್ಚಿಸಿದರು. ಬಗಲ ಕೆಳಗೆ ಒಂದು ಗೀರು ಹಿಡಿದು, ಎರಡೂ ತುಂಡಿನಲ್ಲಿ ಅದೇ ಗೀರಿಗೆ ಗುರುತು ಹಾಕಿ, ಗುಂಡಸೂಜಿ ಚುಚ್ಚಿ, ಕೈಹೊಲಿಗೆ ಹಾಕಿ, ಆಮೇಲೆ ಮಷಿನ್. ಎದೆಯ ಟಕ್ಸ್ ಇದ್ದಲ್ಲಿ ಅದರ ಮೇಲಿನ ಗೀರು ಕೂಡೋದಿಲ್ಲ, ಟಕ್ಸ್ ಅಷ್ಟು ಬಟ್ಟೆ ನುಂಗಿರುತ್ತೆ. ಕೆಳಗಿನದು ಕೂಡಿದ್ರೆ ಸಾಕು ಅಂದರು. ಗೀರು ಕೂಡಿಸೋಕೆ ಬಟ್ಟೆಯೂ ಹೆಚ್ಚು ಹಿಡಿಯುತ್ತೆ, ತೋಳು ಹೊರಡುವಷ್ಟರಲ್ಲಿ ಲೆಕ್ಕ ಬಿಗಿಯಾಗಿತ್ತು.

ಸೆರಗು ಮಾತ್ರ ಮುಟ್ಟಲಿಲ್ಲ. ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯ್ತಾರೆ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಅಷ್ಟು ಕೆಲಸ ಇರೋ ಸೆರಗನ್ನ ತೋಳು ಮಾಡೋಕೆ ಮನಸ್ಸಾಗಲಿಲ್ಲ, ದುಪಟ್ಟಾ ಆಯ್ತು.

ಹಾಗಾಗಿಯೇ ಹೊಸ ಇಳಕಲ್ ಕೊಂಡು ಅಂಗಡಿಯಿಂದ ಸೀದಾ ಟೇಲರ್ ಹತ್ರ ಹೋಗೋದು ನಮಗೆ ಒಪ್ಪಿಗೆ ಇಲ್ಲ. ಉಡೋಕೆ ಅಂತ ನೇಯ್ದದ್ದನ್ನ ಮೊದಲು ಯಾರಾದ್ರೂ ಉಡಲಿ. ಹೊಸ ಬಟ್ಟೆಯಲ್ಲೇ ಡ್ರೆಸ್ ಬೇಕಾದ್ರೆ ಗುಳೇದಗುಡ್ಡದ ಖಣ ಇದೆಯಲ್ಲ, ಕುಪ್ಪಸಕ್ಕೆ, ಅಂದ್ರೆ ಹೊಲಿಯೋಕೆ ಅಂತಲೇ ನೇಯ್ದ ಬಟ್ಟೆ. ಪನ್ನ ಸಣ್ಣದು, ಲೆಕ್ಕ ಹಾಕಿ ತಗೊಳ್ಳಿ. ತಗೊಳ್ಳೋ ಮುಂಚೆ ತಿರುವಿ ನೋಡಿ.

ಪಂಚಮಿ ದಿನ ಮೂವರೂ ಹಾಕ್ಕೊಂಡು ಜೋಕಾಲಿ ಏರಿದ್ವಿ. ಆಯಿ ಕೆಳಗೆ ನಿಂತು ನೋಡಿದ್ದು ನಮ್ಮನ್ನಲ್ಲ, ಗೀರನ್ನ. "ಎಡಗಡೆ ಒಂದೀಟು ತಪ್ಪೈತಿ" ಅಂದರು. ರಾಜ್ಯೋತ್ಸವಕ್ಕೂ ಅದನ್ನೇ ಹಾಕ್ಕೊಂಡು ಬರ್ತೀವಿ. ಎಡಗಡೆ ನಿಂತು ನೋಡಬೇಡಿ.