ಕಾಣದ ಗಾಯವನ್ನು ಸೊಕ್ಕೆನ್ನಬೇಡಿ

ಕಾಲು ಮುರಿದವನು ಕುಂಟುತ್ತ ಬಂದರೆ ನಾವು ಸರಿದು ದಾರಿ ಬಿಡುತ್ತೇವೆ. ತಲೆಗೆ ಪೆಟ್ಟು ಬಿದ್ದವನು ಹೊಲಿಗೆ ಬಿಚ್ಚಿ, ಕೂದಲು ಬೆಳೆದ ಮೇಲೆ ಊಟದ ತಟ್ಟೆಯನ್ನು ನೂಕಿದರೆ ಮಾತ್ರ, “ಮೈ ನೆಟ್ಟಗಾಯಿತು, ಸೊಕ್ಕು ಬಂದಿತು” ಎನ್ನುತ್ತೇವೆ. ಇದು ಅನ್ಯಾಯದ ಮಾತೆಂದು ನನ್ನ ಅಭಿಪ್ರಾಯ.

1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ಎಡಗೆನ್ನೆಯನ್ನು ಹೊಕ್ಕ ಕಬ್ಬಿಣದ ಸಲಾಕೆಯೊಂದು ನೆತ್ತಿಯಿಂದ ಹೊರಬಿದ್ದಿತು. ಅವನು ಬದುಕಿದನು, ನಡೆದನು, ಮಾತನಾಡಿದನು. ಆದರೆ ಸ್ವಭಾವ ಬದಲಾಯಿತು. ಸಮತೂಕದ ಮನುಷ್ಯನು ಮುಂಗೋಪಿಯಾದನು, ಬೈಗುಳ ಆಡತೊಡಗಿದನು. ಇವನು ಹಿಂದಿನ ಗೇಜ್ ಅಲ್ಲವೆಂದು ಗೆಳೆಯರೇ ಹೇಳಿದರೆಂಬುದನ್ನು ಅವನ ವೈದ್ಯ ಹಾರ್ಲೋ 1868ರಲ್ಲಿ ದಾಖಲಿಸಿದರು.

ಹಣೆಯ ಹಿಂದಿರುವ ಮಿದುಳಿನ ಭಾಗವು ಸಿಟ್ಟಿಗೂ ಆಸೆಗೂ ಕಡಿವಾಣ. ಅದಕ್ಕೆ ಪೆಟ್ಟಾದರೆ ಮಾತು ಆಡಿದ ಬಳಿಕವೂ ವಿವೇಕ ಬಾರದಿರಬಹುದು. ತಾನು ಬದಲಾಗಿದ್ದೇನೆಂಬ ಅರಿವೇ ಇಲ್ಲದಿರುವುದೂ ಆ ಗಾಯದ ಭಾಗವೇ.

ಗೇಜ್‌ನ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. 1852ರಲ್ಲಿ ಚಿಲಿ ದೇಶಕ್ಕೆ ಹೋದ ಅವನು ಸುಮಾರು ಏಳು ವರ್ಷ ಅಲ್ಲಿದ್ದು, ಪ್ರಯಾಣಿಕರ ಕುದುರೆಬಂಡಿ ನಡೆಸಿದನು. ದಿನವೂ ಅದೇ ಹೊತ್ತು, ಅದೇ ಕೆಲಸ, ಅದೇ ದಾರಿ. ಈ ಕ್ರಮವೇ ಅವನನ್ನು ಚೇತರಿಸಿರಬೇಕೆಂದು ಮ್ಯಾಕ್‌ಮಿಲನ್ ಎಂಬ ವಿದ್ವಾಂಸರು ವಾದಿಸಿದ್ದಾರೆ.

ನಮ್ಮ ಮನೆಗಳಿಗೂ ಇದೇ ಪಾಠ. ಊಟ, ಸ್ನಾನ, ನಿದ್ರೆಗಳಿಗೆ ನಿಶ್ಚಿತ ವೇಳೆಯಿರಲಿ. ಒಮ್ಮೆಗೆ ಒಬ್ಬರೇ, ಒಂದೇ ವಿಷಯ ಮಾತನಾಡಲಿ. ಟಿ.ವಿ.ಯ ಗದ್ದಲ ತಗ್ಗಲಿ. ಸಿಟ್ಟೇರಿದಾಗ ವಾದಿಸದೆ, ತಣ್ಣಗಾದ ಮೇಲೆ ಹೇಳೋಣ. ವೈದ್ಯರಿಗೆ ಹೊಲಿಗೆಯನ್ನು ಮಾತ್ರವಲ್ಲದೆ ಈ ಸಿಟ್ಟನ್ನೂ ತಿಳಿಸೋಣ. ಗಮನ, ನೆನಪುಗಳನ್ನು ಮರಳಿ ರೂಢಿಸುವ ತರಬೇತಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಆದರೆ ಗಾಯವನ್ನು ಅರಿಯುವುದೆಂದರೆ ಹೊಡೆತವನ್ನು ತಿನ್ನುವುದಲ್ಲ. “ಭೂಮಿತಾಯಿಯಂತೆ ಸಹಿಸಮ್ಮ” ಎಂದು ಹೆಂಡತಿಗೆ ಹೇಳಿ ಹೊರಟುಬಿಡುವ ಬಂಧುಗಳನ್ನು ನಾನು ಒಪ್ಪಲಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಡದಿ ಒಮ್ಮೆ ಹೇಳಿದಳು: “ಮೇಷ್ಟ್ರೇ, ಇವರು ಉಳಿದರಲ್ಲ ಎಂದು ಎಲ್ಲರಿಗೂ ಸಂತೋಷ. ನಾನು ಮದುವೆಯಾದವರು ಎಲ್ಲಿ ಹೋದರೆಂದು ಅಳುವುದಕ್ಕೂ ನನಗೆ ಅವಕಾಶವಿಲ್ಲ.” ಅವಳ ದುಃಖವೂ ನಿಜವಾದದ್ದು, ನಾಚಬೇಕಾದದ್ದಲ್ಲ.

ಇಂಥ ಮನೆ ನಿಮ್ಮ ಬಂಧುಬಳಗದಲ್ಲಿದ್ದರೆ ಹಣ್ಣಿನ ಚೀಲದೊಡನೆ ಉಪದೇಶವನ್ನು ಒಯ್ಯಬೇಡಿ. ವಾರಕ್ಕೊಮ್ಮೆ ಎರಡು ಗಂಟೆ ಅವನ ಬಳಿ ಕುಳಿತಿರಿ. ಅಷ್ಟು ಹೊತ್ತು ಆ ತಾಯಿ ನಿಶ್ಚಿಂತೆಯಿಂದ ನಿದ್ರಿಸಲಿ.